ರಾಣಿಯ ಪಾತ್ರ ನನಗೆ ಸಿಗಲಿಲ್ಲ

(ಸಾವಿತ್ರಿಬಾಯಿ ಫುಲೆ ಜಯಂತಿಯ ದಿನ, ಜನವರಿ 3ರ ಸಂಜೆ, ನಮ್ಮ ಸಮಾಜ ಮಂದಿರದಲ್ಲಿ ಆಡಿದ ಮಾತು. ವಾರ್ಷಿಕೋತ್ಸವದ ಸಂಚಿಕೆಗೆಂದು ಅಲ್ಲಲ್ಲಿ ತಿದ್ದಿ ಬರೆದುಕೊಟ್ಟಿದ್ದೇನೆ.)



 ಮೊದಲು ಒಂದು ಮಾತು. ಒಳಗೆ ಚಾಪೆ ಖಾಲಿ ಇವೆ. ಬಾಗಿಲ ಹತ್ತಿರ ನಿಂತವರು ಒಳಗೆ ಬರ್ರಿ. ಇವತ್ತು ಸಾವಿತ್ರಿಬಾಯಿ ಜಯಂತಿ. ಇವತ್ತೂ ಹೆಣ್ಣುಮಕ್ಕಳು ಹೊರಗೆ ನಿಂತರೆ ನಾನು ಇಲ್ಲಿ ಮಾತಾಡುವುದರಲ್ಲಿ ಅರ್ಥ ಇಲ್ಲ.

ಭಾಷಣ ಮಾಡಬೇಕೆಂದು ಸಂಘದವರು ಹೇಳಿದಾಗ ಸಾವಿತ್ರಿಬಾಯಿಯವರ ಜೀವನ ಚರಿತ್ರೆ ಹೇಳು ಅಂದರು. ಅದನ್ನು ನಮ್ಮ ಸರ್ ಹೋದ ವರ್ಷ ಚೆನ್ನಾಗಿ ಹೇಳಿದ್ದಾರೆ. ಅವರಿಗಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಹಾಗಾಗಿ ನನಗೆ ಗೊತ್ತಿರುವ ಒಂದು ವಿಷಯ ತೆಗೆದುಕೊಂಡಿದ್ದೇನೆ. ನಾವು ಸಣ್ಣವರಿದ್ದಾಗ ಟೀವಿಯಲ್ಲಿ ನೋಡಿದ ಗಟ್ಟಿ ಹೆಣ್ಣುಮಕ್ಕಳು ಯಾರು? ಅವರು ನಮಗೆ ಏನು ಕೊಟ್ಟರು? ಏನು ಕೊಡಲಿಲ್ಲ? ನಗಬ್ಯಾಡ್ರಿ. ನಮ್ಮ ಕೇರಿಯಲ್ಲಿ ಪುಸ್ತಕಕ್ಕಿಂತ ಮೊದಲು ಟೀವಿ ಬಂತು. ನಾವು ಅದರಿಂದಲೇ ಬಹಳಷ್ಟು ಕಲಿತೆವು, ಒಳ್ಳೆಯದೂ ಕೆಟ್ಟದ್ದೂ.

ನಾನು ಹುಟ್ಟುವ ಮೊದಲಿನ ಕಥೆಯಿಂದ ಶುರು ಮಾಡುತ್ತೇನೆ. ಇದು ನಮ್ಮ ಅವ್ವ ಹೇಳಿದ್ದು. 1989ರಲ್ಲಿ ದೂರದರ್ಶನದಲ್ಲಿ 'ಉಡಾನ್' ಎಂಬ ಹಿಂದಿ ಧಾರಾವಾಹಿ ಬರುತ್ತಿತ್ತು. ಕಲ್ಯಾಣಿ ಎಂಬ ಹುಡುಗಿ ಕಷ್ಟಪಟ್ಟು ಓದಿ ಪೊಲೀಸ್ ಅಧಿಕಾರಿ ಆಗುವ ಕಥೆ. ಅದನ್ನು ಬರೆದು, ನಿರ್ದೇಶನ ಮಾಡಿ, ಕಲ್ಯಾಣಿಯ ಪಾತ್ರವನ್ನೂ ಮಾಡಿದವರು ಕವಿತಾ ಚೌಧರಿ. ಸರ್ಫ್ ಜಾಹೀರಾತಿನ ಲಲಿತಾಜಿ ಅಂದರೆ ನಿಮಗೆ ನೆನಪಾಗಬಹುದು, ಅವರೇ. ಅವರ ಅಕ್ಕ ಕಂಚನ್ ಚೌಧರಿ ಭಟ್ಟಾಚಾರ್ಯರ ಬದುಕೇ ಆ ಕಥೆಗೆ ಆಧಾರ. ಆ ಅಕ್ಕ 2004ರಲ್ಲಿ ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕರಾದರು. ಆ ಹುದ್ದೆಗೇರಿದ ದೇಶದ ಮೊದಲ ಮಹಿಳೆ ಅವರು.

ನಮ್ಮ ಅವ್ವನಿಗೆ ಆಗ ಒಂಬತ್ತು ಹತ್ತು ವರ್ಷ. ಅವಳ ತವರೂರಲ್ಲಿ ಟೀವಿ ಇದ್ದದ್ದು ಮೇಲಿನ ಓಣಿಯ ಒಂದೇ ಮನೆಯಲ್ಲಿ. ಬೇರೆ ಮಕ್ಕಳು ಪಡಸಾಲೆಯಲ್ಲಿ ಕುಂತು ನೋಡುತ್ತಿದ್ದರು. ನಮ್ಮ ಕೇರಿಯ ಮಕ್ಕಳು ಕಿಡಕಿಯ ಹೊರಗೆ ಕಲ್ಲಿನ ಮೇಲೆ ಕಲ್ಲು ಇಟ್ಟು ಅದರ ಮೇಲೆ ನಿಂತು ನೋಡುತ್ತಿದ್ದರು. ಅವ್ವನಿಗೆ ಹಿಂದಿ ಒಂದಕ್ಷರ ತಿಳಿಯುತ್ತಿರಲಿಲ್ಲ. ಕಿಡಕಿಯಿಂದ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. "ಮಾತು ಯಾಕ ಬೇಕಾಗಿತ್ತು? ಹೆಣ್ಣುಮಗಳು ಖಾಕಿ ಡ್ರೆಸ್ ಹಾಕ್ಯಾಳ, ಗಂಡಸರು ಎದ್ದು ನಿಂತು ಸಲಾಮ್ ಹೊಡಿಲಿಕತ್ತಾರ. ಅಷ್ಟು ತಿಳೀತು, ಸಾಕಾತು" ಅಂತ ಅವ್ವ ಹೇಳುತ್ತಾಳೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಇಲ್ಲಿಗೆ ಬರುತ್ತೇನೆ.

ಈಗ ನನ್ನ ಕಾಲ. 2009ರ ಆಗಸ್ಟ್‌ನಲ್ಲಿ ಜೀ ಟೀವಿಯಲ್ಲಿ 'ಝಾನ್ಸಿ ಕೀ ರಾಣಿ' ಶುರುವಾಯಿತು. ನನಗೆ ಆಗ ಆರು ವರ್ಷ. ಆ ಹೊತ್ತಿಗೆ ನಮ್ಮ ಕೇರಿಯಲ್ಲೂ ನಾಲ್ಕಾರು ಟೀವಿ ಬಂದಿದ್ದವು. ಕಿಡಕಿಯ ಹೊರಗೆ ನಿಲ್ಲುವ ಕಾಲ ಮುಗಿದಿತ್ತು. ಸಂಜೆ ಜೋಳದ ರೊಟ್ಟಿ ಬಡಿಯುವ ಸಪ್ಪಳದ ನಡುವೆ ನಾವು ಏಳೆಂಟು ಹುಡುಗರು ಹುಡುಗಿಯರು ಒಂದೇ ಮನೆಯಲ್ಲಿ ಸೇರುತ್ತಿದ್ದೆವು. ಉಲ್ಕಾ ಗುಪ್ತಾ ಎಂಬ ಹುಡುಗಿ ಬಾಲ್ಯದ ಮನು ಆಗಿದ್ದಳು. ಕುದುರೆ ಹತ್ತುತ್ತಿದ್ದಳು, ಕತ್ತಿ ತಿರುಗಿಸುತ್ತಿದ್ದಳು, ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದಳು. ಅದಕ್ಕಿಂತ ಮೊದಲು ನಾನು ಟೀವಿಯಲ್ಲಿ ನೋಡಿದ ಹೆಣ್ಣುಮಕ್ಕಳು ಒಂದೋ ಅಳುತ್ತಿದ್ದರು, ಇಲ್ಲ ಸೊಸೆಗೆ ವಿಷ ಹಾಕುತ್ತಿದ್ದರು. ಕಾರ್ಟೂನ್ ಹಚ್ಚಿದರೆ 'ಛೋಟಾ ಭೀಮ್'ನಲ್ಲಿ ಚುಟಕಿ ಇದ್ದಳು. ಜಾಣೆ, ಧೈರ್ಯದವಳು, ಖರೆ. ಆದರೂ ಅವಳ ದೊಡ್ಡ ಕೆಲಸ ಭೀಮನಿಗೆ ಲಾಡು ತಂದುಕೊಡುವುದು. ಲಾಡು ತಿಂದ ಮೇಲೆ ಹೊಡೆದಾಡುವವನು ಅವನೇ. ಹಾಗಾಗಿ ಮನುವನ್ನು ನೋಡಿದಾಗ ನನಗೆ ಹುಚ್ಚು ಹಿಡಿದಂತಾಯಿತು. ತೊಗರಿ ಕಟ್ಟಿಗೆಯೇ ನನ್ನ ಕತ್ತಿ. ಆಡೇ ನನ್ನ ಕುದುರೆ. ಆ ಆಡು ನನ್ನನ್ನು ಎರಡು ಸಲ ಕೆಡವಿದೆ, ಗುರುತು ಈಗಲೂ ಮೊಣಕಾಲ ಮೇಲೆ ಇದೆ.

2010ರಲ್ಲಿ ಕೃತಿಕಾ ಸೆಂಗರ್ ದೊಡ್ಡ ರಾಣಿಯಾಗಿ ಬಂದರು. ಅದೇ ಚಳಿಗಾಲ ನಮ್ಮ ಸಾಲಿಯಲ್ಲಿ ಗ್ಯಾದರಿಂಗ್. ನಾನು ಮೂರನೇ ಇಯತ್ತೆ. ಝಾನ್ಸಿ ರಾಣಿಯ ಸಣ್ಣ ನಾಟಕ ಮಾಡಿಸುತ್ತೇವೆ ಅಂದರು. ನನಗೆ ಎಲ್ಲ ಮಾತೂ ಬರುತ್ತಿತ್ತು. ಟೀವಿಯ ಹಿಂದಿಯಲ್ಲಿಯೂ ಬರುತ್ತಿತ್ತು, ಅದನ್ನೇ ಕನ್ನಡ ಮಾಡಿ ಹೇಳಲಿಕ್ಕೂ ಬರುತ್ತಿತ್ತು. ಎದ್ದು ನಿಂತು ಹೇಳಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾಟಕ ಮಾಡಿಸುವವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀ ರಾಣಿ ಹಂಗ ಕಾಣಂಗಿಲ್ಲ" ಅಂದರು. ಮೇಲಿನ ಓಣಿಯ ಹುಡುಗಿಗೆ ರಾಣಿಯ ಪಾತ್ರ ಹೋಯಿತು. ನನಗೆ ಬೀಸಣಿಗೆ ಕೊಟ್ಟರು. ನಾನು ರಾಣಿಯ ಹಿಂದೆ ನಿಂತು ಗಾಳಿ ಹಾಕುವ ದಾಸಿ. ಮಾತು ಒಂದೂ ಇಲ್ಲ.

ಆ ಹುಡುಗಿ ನಡುವೆ ಮಾತು ಮರೆತಳು. ಹಿಂದಿನಿಂದ ಅವಳಿಗೆ ಮಾತು ಹೇಳಿಕೊಟ್ಟವಳು ನಾನು. ಬೀಸಣಿಗೆ ಬಾಯಿಗೆ ಅಡ್ಡ ಹಿಡಿದು ಹೇಳಿಕೊಟ್ಟೆ. ಮಂದಿಗೆ ಕಾಣಲಿಲ್ಲ. ಮನೆಗೆ ಬಂದು ಅವ್ವನ ಮುಂದೆ ಅತ್ತೆ. ಅವ್ವ ಏನೂ ಅನ್ನಲಿಲ್ಲ. ಮಾರನೇ ದಿನದಿಂದ ನಾನು ತೊಗರಿ ಕಟ್ಟಿಗೆ ಹಿಡಿಯಲಿಲ್ಲ.

ಇದನ್ನು ಯಾರನ್ನೂ ಬೈಯಲು ಹೇಳುತ್ತಿಲ್ಲ. ಒಂದು ಲೆಕ್ಕ ತೋರಿಸಲು ಹೇಳುತ್ತಿದ್ದೇನೆ. ಟೀವಿ ನನಗೆ ಧೈರ್ಯ ಕೊಟ್ಟಿತು, ಖರೆ. ಆದರೆ ಧೈರ್ಯವಂತೆ ಅಂದರೆ ರಾಣಿ, ರಾಣಿ ಅಂದರೆ ಅರಮನೆ, ಬಿಳಿ ಮೈಬಣ್ಣ, ದೊಡ್ಡ ಮನೆತನ ಅಂತಲೂ ಅದೇ ಟೀವಿ ಹೇಳಿತು. ಎಂಟು ವರ್ಷದ ಹುಡುಗಿಗೆ ಇವೆರಡನ್ನೂ ಬೇರೆ ಮಾಡಲು ಬರುವುದಿಲ್ಲ. ಅವಳು ತಾನೇ ಸರಿ ಇಲ್ಲ ಅಂದುಕೊಳ್ಳುತ್ತಾಳೆ. ನಾನೂ ಹಾಗೇ ಅಂದುಕೊಂಡೆ, ಹತ್ತು ವರ್ಷ.

ಹತ್ತು ವರ್ಷ ಅಂದರೆ ಕಾಲೇಜಿಗೆ ಬರುವವರೆಗೆ. ಬಿಎ ಮೊದಲ ವರ್ಷ ಗ್ರಂಥಾಲಯದಲ್ಲಿ ಒಂದು ತೆಳ್ಳನೆಯ ಮರಾಠಿ ಪುಸ್ತಕ ಸಿಕ್ಕಿತು. ಅದರಲ್ಲಿ ಝಲಕಾರಿಬಾಯಿಯ ಹೆಸರು ಓದಿದೆ. ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು, ಕೈ ಎತ್ತಿ. ಎರಡು, ಮೂರು. ನನಗೂ ಗೊತ್ತಿರಲಿಲ್ಲ.

ಝಲಕಾರಿಬಾಯಿ ಝಾನ್ಸಿ ಹತ್ತಿರದ ಭೋಜಲಾ ಎಂಬ ಹಳ್ಳಿಯವಳು, ಕೋರಿ ಜಾತಿಯವಳು. ಕೋರಿ ಅಂದರೆ ನೇಯ್ಗೆಯವರು, ಅಲ್ಲಿ ಪರಿಶಿಷ್ಟ ಜಾತಿ. ಗಂಡ ಪೂರಣ್ ಝಾನ್ಸಿಯ ಸೈನ್ಯದಲ್ಲಿದ್ದ. ಝಲಕಾರಿ ರಾಣಿಯ ಹೆಣ್ಣುಮಕ್ಕಳ ಪಡೆ ದುರ್ಗಾ ದಳದಲ್ಲಿ ಸೇರಿದಳು. 1858ರಲ್ಲಿ ಹ್ಯೂ ರೋಸ್‌ನ ಇಂಗ್ಲಿಷ್ ಸೈನ್ಯ ಝಾನ್ಸಿಯ ಕೋಟೆಗೆ ಮುತ್ತಿಗೆ ಹಾಕಿತು. ಆಗ ರಾಣಿ ಪಾರಾಗಿ ಹೋಗಲಿ ಎಂದು ಝಲಕಾರಿ ತಾನೇ ರಾಣಿಯ ವೇಷ ಹಾಕಿ ಇಂಗ್ಲಿಷರ ಮುಂದೆ ಹೋದಳು ಎಂಬುದು ಬುಂದೇಲ್‌ಖಂಡದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತು. ಅವಳ ಮುಖ ರಾಣಿಯ ಮುಖಕ್ಕೆ ಅಷ್ಟು ಹೋಲುತ್ತಿತ್ತಂತೆ. 2001ರಲ್ಲಿ ಭಾರತ ಸರ್ಕಾರ ಅವಳ ಹೆಸರಿನ ಅಂಚೆ ಚೀಟಿ ತಂದಿತು.

ಆ ಪುಟ ಓದಿ ನಾನು ಪುಸ್ತಕ ಮುಚ್ಚಿದೆ. ಮತ್ತೆ ತೆಗೆದು ಮತ್ತೆ ಓದಿದೆ. ನೀ ರಾಣಿ ಹಂಗ ಕಾಣಂಗಿಲ್ಲ ಅಂದಿದ್ದರಲ್ಲ ನನಗೆ? ನಮ್ಮಂಥವರ ಮನೆಯ ಹೆಣ್ಣುಮಗಳು ಇಂಗ್ಲಿಷ್ ಜನರಲ್‌ನ ಕಣ್ಣಿಗೆ ರಾಣಿಯಾಗಿಯೇ ಕಂಡಿದ್ದಳು ಎಂದು ಒಂದು ಸೀಮೆಯ ಜನ ನೂರೈವತ್ತು ವರ್ಷದಿಂದ ಹೇಳುತ್ತಿದ್ದಾರೆ. ಗ್ರಂಥಾಲಯದಲ್ಲಿ ನಕ್ಕಿದ್ದಕ್ಕೆ ಬೈಸಿಕೊಂಡೆ. ಆವತ್ತು ನನ್ನ ಕೈಯಿಂದ ಬೀಸಣಿಗೆ ಇಳಿಯಿತು ಅಂತ ತಿಳೀರಿ.

ಮತ್ತೆ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, 2020ಕ್ಕೆ. ಲಾಕ್‌ಡೌನ್. ಅಪ್ಪನ ಹಮಾಲಿ ಕೆಲಸ ನಿಂತಿತ್ತು. ನಾನು ಹನ್ನೊಂದನೆಯದು ಮುಗಿಸಿದ್ದೆ. ಮನೆಯಲ್ಲಿ ಒಂದೇ ಮೊಬೈಲು, ತಮ್ಮನ ಕ್ಲಾಸೂ ಅದರಲ್ಲೇ, ನನ್ನದೂ ಅದರಲ್ಲೇ. ಇಡೀ ದಿನ ಟೀವಿ. ಆ ವರ್ಷ ನಮ್ಮ ಟೀವಿಗೆ ನಮ್ಮವರು ಬಂದರು. ಸ್ಟಾರ್ ಪ್ರವಾಹದಲ್ಲಿ ಮರಾಠಿಯ 'ಡಾ. ಬಾಬಾಸಾಹೇಬ್ ಆಂಬೇಡ್ಕರ್' ನಡೆದಿತ್ತು. ಜುಲೈನಿಂದ ಜೀ ಕನ್ನಡದಲ್ಲಿ 'ಮಹಾನಾಯಕ'. ನಮ್ಮ ಕೇರಿಯಲ್ಲಿ ಎರಡನ್ನೂ ನೋಡಿದೆವು, ಒಂದು ಮರಾಠಿಯಲ್ಲಿ, ಒಂದು ಕನ್ನಡದಲ್ಲಿ. ಗಡಿಯಲ್ಲಿ ಇರುವವರಿಗೆ ಇದೊಂದು ಲಾಭ. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ 'ಮಹಾನಾಯಕ'ದ ಬ್ಯಾನರ್ ಎದ್ದವು. ಅದನ್ನು ನಿಲ್ಲಿಸಬೇಕೆಂದು ಬೆದರಿಕೆ ಕರೆ ಬಂದ ಸುದ್ದಿಯೂ ಪೇಪರಿನಲ್ಲಿ ಬಂತು. ಧಾರಾವಾಹಿ ನಿಲ್ಲಲಿಲ್ಲ.

ಬಾಬಾಸಾಹೇಬರ ಬಗ್ಗೆ ನಮಗೆಲ್ಲ ಗೊತ್ತು. ನನ್ನ ಕಣ್ಣು ಹೋದದ್ದು ರಮಾಬಾಯಿಯ ಕಡೆಗೆ. ಮರಾಠಿಯಲ್ಲಿ ಶಿವಾನಿ ರಾಂಗೋಳೆ ಆ ಪಾತ್ರ ಮಾಡಿದ್ದರು. ನಮ್ಮ ಆಯಿ ತಟ್ಟೆ ಬಿಟ್ಟು ಎದ್ದು ಬಂದು ಅವರನ್ನು ನೋಡುತ್ತಿದ್ದಳು. ರಮಾಬಾಯಿಗೆ 1906ರಲ್ಲಿ ಮುಂಬಯಿಯ ಭಾಯಖಳಾ ಮಾರ್ಕೆಟ್ಟಿನಲ್ಲಿ ಮದುವೆಯಾದಾಗ ಒಂಬತ್ತು ವರ್ಷದ ಆಸುಪಾಸು. ಐದು ಮಕ್ಕಳಲ್ಲಿ ನಾಲ್ಕನ್ನು ಕಳೆದುಕೊಂಡರು. ಮಗು ಸಾಯುವ ದೃಶ್ಯ ಬಂದಾಗ ನಮ್ಮ ಆಯಿ ಗೋಡೆ ಕಡೆ ಮುಖ ಮಾಡಿದಳು. ಆಮೇಲೆ ಅಂದಳು, "ನಾವೂ ಕಳಕೊಂಡೀವಿ. ನಮ್ಮ ಮನಿಗಿ ಟೀವಿಯವ್ರು ಬಂದಿರಲಿಲ್ಲ." ಇನ್ನೊಂದು ದಿನ ಅಂದಳು, "ಇಕಿ ಬಾಳ ಅಳ್ತಾಳ. ಖರೇ ರಮಾಬಾಯಿ ಇಷ್ಟು ಅತ್ತಿದ್ರ ಮನಿ ನಡಸ್ತಿದ್ದಿಲ್ಲ. ಕುಳ್ಳು ತಟ್ಟಾವರಿಗಿ ಅಳ್ಳಾಕ ಯಾಳೆ ಎಲ್ಲಿರ್ತದ?" ಸಾಲಿ ಕಲಿಯದ ನಮ್ಮ ಆಯಿ ಎಷ್ಟು ದೊಡ್ಡ ವಿಮರ್ಶೆ ಮಾಡಿದಳು ನೋಡ್ರಿ.

ನಮ್ಮ ಜಿಲ್ಲೆಗೆ ಸಂಬಂಧಪಟ್ಟ ಒಂದು ಮಾತು ಇಲ್ಲೇ ಹೇಳಬೇಕು. ರಮಾಬಾಯಿಗೆ ಪಂಢರಪುರಕ್ಕೆ ಹೋಗಬೇಕೆಂಬ ಆಸೆ ಇತ್ತು. ಪಂಢರಪುರ ನಮ್ಮ ಸೋಲಾಪುರ ಜಿಲ್ಲೆಯದೇ. ಆಗ ನಮ್ಮ ಜನರನ್ನು ಗುಡಿಯ ಒಳಗೆ ಬಿಡುತ್ತಿರಲಿಲ್ಲ. ಭಕ್ತರನ್ನು ದೂರ ನಿಲ್ಲಿಸುವ ಪಂಢರಪುರ ಯಾಕೆ, ನಾವೇ ಬೇರೆ ಪಂಢರಪುರ ಕಟ್ಟೋಣ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು ಅವರಿಗೆ ಹೇಳಿದ್ದರು. 1935ರ ಮೇ 27ರಂದು ರಮಾಬಾಯಿ ತೀರಿಹೋದರು. ಅವ್ವ ಕಿಡಕಿಯ ಹೊರಗೆ ನಿಂತದ್ದೂ ಇದೂ ಒಂದೇ ಕಥೆ ಅಂತ ನನಗೆ ಅನಿಸುತ್ತದೆ.

ಅದೇ 2020ರ ಜನವರಿಯಲ್ಲಿ ಸೋನಿ ಮರಾಠಿಯಲ್ಲಿ 'ಸಾವಿತ್ರಿಜ್ಯೋತಿ' ಶುರುವಾಗಿತ್ತು. ಅಶ್ವಿನಿ ಕಾಸರ್ ಸಾವಿತ್ರಿಬಾಯಿಯಾಗಿದ್ದರು. 1848ರಲ್ಲಿ ಪುಣೆಯ ಭಿಡೆವಾಡಾದಲ್ಲಿ ಹೆಣ್ಣುಮಕ್ಕಳ ಸಾಲಿ ತೆರೆದದ್ದು, ದಾರಿಯಲ್ಲಿ ಸಗಣಿ ಎಸೆದರೆಂದು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋದದ್ದು, ಇದೆಲ್ಲ ನಾವು ಪಾಠದಲ್ಲಿ ಎರಡು ಸಾಲಿನಲ್ಲಿ ಓದಿದ್ದೆವು. ಆ ಸೀರೆ ಬದಲಿಸುವ ಕಥೆಯನ್ನು ಕಣ್ಣಾರೆ ನೋಡುವುದೇ ಬೇರೆ. ಕತ್ತಿ ಇಲ್ಲ, ಕುದುರೆ ಇಲ್ಲ. ಹೊಲಸು ಸೀರೆ ತೆಗೆದಿಟ್ಟು, ಬೇರೆ ಉಟ್ಟು, ಕೈ ತೊಳೆದು, ಅಕ್ಷರ ಬರೆಸುವುದು. ಮರುದಿನ ಮತ್ತೆ ಅದೇ. ಇದೂ ಪರಾಕ್ರಮವೇ ಅಂತ ನನಗೆ ಹದಿನೇಳನೇ ವರ್ಷಕ್ಕೆ ತಿಳಿಯಿತು.

ಫುಲೆ ದಂಪತಿಯ ಸಾಲಿಯಲ್ಲಿ ಓದಿದ ಮುಕ್ತಾ ಸಾಳವೆ ಎಂಬ ಮಾಂಗ ಸಮಾಜದ ಹುಡುಗಿ 1855ರಲ್ಲಿ ಮಾಂಗ ಮಹಾರರ ದುಃಖದ ಬಗ್ಗೆ ಒಂದು ನಿಬಂಧ ಬರೆದಳು. 'ಜ್ಞಾನೋದಯ' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಇಂಥ ಹುಡುಗಿಯ ಬಗ್ಗೆ ಒಂದು ಕಾರ್ಟೂನ್ ಬಂದಿದ್ದರೆ ನಾನು ಮೂರನೇ ಇಯತ್ತೆಯಲ್ಲಿ ಕತ್ತಿ ಕೇಳದೆ ಪೆನ್ನು ಕೇಳುತ್ತಿದ್ದೆನೋ ಏನೋ.

ಆದರೆ 'ಸಾವಿತ್ರಿಜ್ಯೋತಿ' ಒಂದು ವರ್ಷವೂ ನಡೆಯಲಿಲ್ಲ. ಡಿಸೆಂಬರ್‌ನಲ್ಲಿ ಮುಗಿಸಿಬಿಟ್ಟರು. ನೋಡುವವರು ಕಡಿಮೆ ಅಂದರು. ಆಗ ನಮಗೆ ಸಿಟ್ಟು ಬಂತು, ವಾಟ್ಸಾಪಿನಲ್ಲಿ ಸ್ಟೇಟಸ್ ಹಾಕಿದೆವು. ಈಗ ಖರೆ ಹೇಳುತ್ತೇನೆ. ನಮ್ಮ ಮನೆಯಲ್ಲೂ ಅದನ್ನು ದಿನಾ ನೋಡಿದವರು ಇಲ್ಲ. ಆ ಹೊತ್ತಿಗೆ ಬೇರೆ ಧಾರಾವಾಹಿಯಲ್ಲಿ ಸೊಸೆಯನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರು, ನಾವು ಅದನ್ನು ನೋಡುತ್ತಿದ್ದೆವು. ಸಾವಿತ್ರಿಬಾಯಿಯ ಫೋಟೋಕ್ಕೆ ಹಾರ ಹಾಕುವ ನಾವೇ ರಿಮೋಟ್ ಹಿಡಿದಾಗ ಅವರನ್ನು ದಾಟಿ ಹೋದೆವು. ಬೇರೆಯವರನ್ನು ಬೈಯುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

ಈಗ ಮುಖ್ಯವಾದ ಮಾತು. ಅದೇ ಲಾಕ್‌ಡೌನ್‌ನಲ್ಲಿ ನನಗೆ ಒಂದು ಸಂಬಂಧ ಬಂತು. ಹುಡುಗ ಪುಣೆಯಲ್ಲಿ ಕೆಲಸಕ್ಕಿದ್ದ. "ಈಗ ಮಾಡಿದ್ರ ಹತ್ತು ಮಂದ್ಯಾಗ ಮದುವಿ ಮುಗಿತದ, ಊಟದ ಖರ್ಚಿಲ್ಲ, ಮಂಟಪದ ಖರ್ಚಿಲ್ಲ" ಅಂತ ನಮ್ಮ ಕಾಕಾ ಅಂದ. ನನಗೆ ಹದಿನೆಂಟು ತುಂಬಿರಲಿಲ್ಲ. ಅಪ್ಪ ಅರ್ಧ ಒಪ್ಪಿದ್ದ. ಅವನ ತಪ್ಪೂ ಅಂತ ಹೇಳಲಾರೆ. ಕೆಲಸ ಇಲ್ಲ, ಕೈಯಲ್ಲಿ ರೊಕ್ಕ ಇಲ್ಲ, ಮಗಳು ಬೆಳೆದಿದ್ದಾಳೆ. ನಾನು ಒಳಗೆ ಕುಂತು ಕೇಳುತ್ತಿದ್ದೆ. ಇಷ್ಟು ರಾಣಿಯರನ್ನು ನೋಡಿದ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅಕಿ ಮೊದಲ ಡ್ರೆಸ್ ಹಾಕ್ಲಿ" ಅಂದಳು. ಕಾಕಾಗೆ ತಿಳಿಯಲಿಲ್ಲ. "ಯಾವ ಡ್ರೆಸ್ ವೈನಿ?" ಅಂದ. "ಖಾಕಿ ಡ್ರೆಸ್. ಅದನ್ನ ಹಾಕೊಂಡು ಬಂದು ನಿಮ್ಮ ಮುಂದ ನಿಂದರ್ಲಿ. ಆಮ್ಯಾಲ ಮದುವಿ ಮಾತು ಅಕಿನ್ನೇ ಕೇಳ್ರಿ."

ಮೂವತ್ತು ವರ್ಷದ ಹಿಂದೆ ಕಲ್ಲಿನ ಮೇಲೆ ಕಲ್ಲು ಇಟ್ಟು, ಭಾಷೆ ತಿಳಿಯದೆ, ಮಾತು ಕೇಳಿಸದೆ ನೋಡಿದ ಒಂದು ಚಿತ್ರ. ಅದು ನಮ್ಮ ಅವ್ವನ ಒಳಗೆ ಅಷ್ಟು ದಿನ ಸುಮ್ಮನೆ ಕುಂತಿತ್ತು. ನನ್ನ ಸಲುವಾಗಿ ಆ ದಿನ ಎದ್ದು ಬಂತು. ಟೀವಿಯ ಪ್ರಭಾವ ಅಂದರೆ ಏನು ಎಂದು ನನ್ನನ್ನು ಪರೀಕ್ಷೆಯಲ್ಲಿ ಕೇಳಿದರೆ ನಾನು ಇದನ್ನೇ ಬರೆಯುತ್ತೇನೆ.

ಗ್ಯಾದರಿಂಗ್‌ನಲ್ಲಿ ರಾಣಿಯಾಗಿದ್ದ ಹುಡುಗಿಯ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಅವಳಿಗೂ ಅದೇ ಬೇಸಿಗೆಯಲ್ಲಿ, ಅದೇ ಹತ್ತು ಮಂದಿಯಲ್ಲಿ ಮದುವೆಯಾಯಿತು. ಅವಳೂ ನನ್ನ ವಾರಿಗೆಯವಳು. ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಕಂಕುಳಲ್ಲಿ ಕೂಸು. "ನೀ ಇನ್ನೂ ಓದ್ಲಿಕತ್ತೀ?" ಅಂದಳು. ಆಮೇಲೆ ತಾನೇ ನಕ್ಕು, "ಅವತ್ತು ಮಾತು ನೀನೇ ಹೇಳಿಕೊಟ್ಟಿದ್ದಿ" ಅಂದಳು. ಅವಳಿಗೆ ನೆನಪಿತ್ತು. ಕತ್ತಿ ಹಿಡಿದವಳನ್ನೂ ಯಾರೂ ಕೇಳಲಿಲ್ಲ, ಬೀಸಣಿಗೆ ಹಿಡಿದವಳನ್ನೂ ಯಾರೂ ಕೇಳಲಿಲ್ಲ. ನನಗೆ ಒಬ್ಬಳು ಅವ್ವ ಅಡ್ಡ ನಿಂತಳು, ಅವಳಿಗೆ ಯಾರೂ ನಿಲ್ಲಲಿಲ್ಲ. ಜಾತಿ ಬೇರೆ ಇರಬಹುದು, ಆವತ್ತಿನಿಂದ ಅವಳ ಮೇಲೆ ನನಗೆ ಸಿಟ್ಟಿಲ್ಲ.

1942ರ ಜುಲೈನಲ್ಲಿ ನಾಗಪುರದ ದಲಿತ ಮಹಿಳಾ ಪರಿಷತ್ತಿನಲ್ಲಿ ಬಾಬಾಸಾಹೇಬರು ಮಾತಾಡಿದರು. ಒಂದು ಸಮಾಜ ಎಷ್ಟು ಮುಂದೆ ಬಂದಿದೆ ಎಂಬುದನ್ನು ಆ ಸಮಾಜದ ಹೆಣ್ಣುಮಕ್ಕಳು ಎಷ್ಟು ಮುಂದೆ ಬಂದಿದ್ದಾರೆ ಎಂಬುದರಿಂದ ಅಳೆಯುತ್ತೇನೆ ಎಂದು ಹೇಳಿದರು. ಮಕ್ಕಳ ಮದುವೆಗೆ ಅವಸರ ಮಾಡಬೇಡಿ ಎಂದೂ ಹೇಳಿದರು. ಆ ಅಳತೆಯಲ್ಲಿ ನಮ್ಮ ಕೇರಿಯನ್ನು ಇವತ್ತು ಅಳೆದರೆ ಎಷ್ಟಾಗುತ್ತದೆ? ನೀವೇ ಹೇಳ್ರಿ.

ನಾನು ಈಗ ಬಿಎ ಕೊನೆಯ ವರ್ಷ. ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿದ್ದೇನೆ. ದೈಹಿಕ ಪರೀಕ್ಷೆಗೆ 50 ಅಂಕ. 800 ಮೀಟರ್ ಓಟ, 100 ಮೀಟರ್ ಓಟ, ಗುಂಡು ಎಸೆತ. ಲೇಖಿ ಪರೀಕ್ಷೆಗೆ 100 ಅಂಕ, ಅದು ಮರಾಠಿಯಲ್ಲಿ. ಏಳನೆಯವರೆಗೆ ಕನ್ನಡ ಸಾಲಿಯಲ್ಲಿ ಕಲಿತ ನಮಗೆ ಮರಾಠಿ ವ್ಯಾಕರಣ ಎಷ್ಟು ಕಠಿಣ ಎಂದು ಇಲ್ಲಿ ಕುಂತವರಿಗೆ ಬೇರೆ ಹೇಳಬೇಕಾಗಿಲ್ಲ. ಆದರೂ ಕಲಿಯುತ್ತಿದ್ದೇನೆ. ಕನ್ನಡ ನಮ್ಮ ಮನೆ, ಮರಾಠಿ ನಮ್ಮ ಹೊಲ. ಎರಡೂ ಬೇಕು. ಮುಂಜಾನೆ ಕತ್ತಲಲ್ಲಿ ಸಾಲಿ ರಸ್ತೆಯಲ್ಲಿ ಓಡುತ್ತೇನೆ. ನಾನು ಓಡುವುದನ್ನು ನೋಡಿ ನಗುವವರು ಇದ್ದಾರೆ, ಮೊಬೈಲಿನಲ್ಲಿ ವಿಡಿಯೋ ತೆಗೆಯುವವರೂ ಇದ್ದಾರೆ. ಎಲ್ಲರೂ ಮೇಲಿನ ಓಣಿಯವರಲ್ಲ. ಇಷ್ಟು ಹೇಳಿದರೆ ಸಾಕು, ತಲೆ ಕೆಳಗೆ ಹಾಕಿದವರಿಗೆ ತಿಳಿಯಿತು.

ಸಂಘದವರ ಮುಂದೆ ನನ್ನ ಮೂರು ಮಾತು ಇಡುತ್ತೇನೆ.

ಒಂದು, ಮುಂಜಾನೆ ಐದೂವರೆಯಿಂದ ಆರೂವರೆ ತನಕ ಸಾಲಿ ರಸ್ತೆಯಲ್ಲಿ ಸಂಘದ ಇಬ್ಬರು ಅಣ್ಣಂದಿರು ಬ್ಯಾಟರಿ ಹಿಡಿದು ನಿಂತರೆ ಇನ್ನೂ ನಾಲ್ಕು ಹುಡುಗಿಯರು ನನ್ನ ಜೊತೆ ಓಡಲು ತಯಾರಿದ್ದಾರೆ. ಕಾಯಬೇಕಾಗಿಲ್ಲ, ಜೊತೆಗೆ ಓಡಿದರೂ ನಡೆಯುತ್ತದೆ.

ಎರಡು, ಈ ಸಮಾಜ ಮಂದಿರದಲ್ಲಿ ಸಂಜೆ ಏಳರಿಂದ ಒಂಬತ್ತು ಕ್ಯಾರಮ್ ನಡೆಯುತ್ತದೆ. ಆ ಎರಡು ತಾಸು ಓದುವ ಹುಡುಗಿಯರಿಗೆ ಕೊಡ್ರಿ. ಕ್ಯಾರಮ್ ಬೋರ್ಡ್ ಕಟ್ಟೆಯ ಮೇಲೂ ಕೂಡುತ್ತದೆ. ಪುಸ್ತಕದ ಕಪಾಟಿನ ಕೀಲಿ ಒಂದು ಹುಡುಗಿಯ ಕೈಯಲ್ಲೂ ಇರಲಿ.

ಮೂರು, ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಹನ್ನೊಂದು ಮಂದಿ ಇದ್ದೀರಿ, ಹನ್ನೊಂದೂ ಗಂಡಸರು. ಬರುವ ಚುನಾವಣೆಯಲ್ಲಿ ಮೂರು ಜಾಗ ಹೆಣ್ಣುಮಕ್ಕಳಿಗೆ ಬಿಡ್ರಿ. ಹೆಸರಿನಲ್ಲಿ 'ಯುವಕ ಸಂಘ' ಅಂತ ಇರಲಿ, ಅದಕ್ಕೆ ನನ್ನ ತಕರಾರು ಇಲ್ಲ. ಮೀಟಿಂಗಿನಲ್ಲಿ ಚಹಾ ಕೊಡಲು ಮಾತ್ರ ನಮ್ಮನ್ನು ಕರೆಯಬ್ಯಾಡ್ರಿ.

ಕೊನೆಗೆ ಸಣ್ಣ ಮಕ್ಕಳಿಗೆ ಒಂದು ಮಾತು. ಮುಂದಿನ ಜನವರಿ 3ಕ್ಕೆ ನಾವು ಇಲ್ಲೇ ಝಲಕಾರಿಯ ನಾಟಕ ಮಾಡೋಣ. ಮುಕ್ತಾಳದೂ ಮಾಡೋಣ. ಮಾಡಿಸುವವಳು ನಾನು. ಯಾರು ಯಾರ ಹಾಗೆ ಕಾಣುತ್ತಾರೆ ಎಂದು ನಾನು ನೋಡುವುದಿಲ್ಲ. ಯಾರಿಗೆ ಮಾತು ಬರುತ್ತದೆಯೋ ಅವರಿಗೆ ಪಾತ್ರ. ಬೀಸಣಿಗೆ ಹಿಡಿಯುವವಳು ಒಬ್ಬಳು ಬೇಕಾದರೆ ಅವಳಿಗೂ ನಾಲ್ಕು ಮಾತು ಬರೆದುಕೊಡುತ್ತೇನೆ. ನಾಳೆಯಿಂದಲೇ ಹೆಸರು ಕೊಡ್ರಿ.

 ತಪ್ಪು ಮಾತಾಡಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ರಿ. ಆದರೆ ಮೂರು ಮಾತನ್ನು ಮಾತ್ರ ಹೊಟ್ಟೆಯಲ್ಲಿ ಹಾಕಿಕೊಳ್ಳಬ್ಯಾಡ್ರಿ, ಮುಂದಿನ ಮೀಟಿಂಗಿನಲ್ಲಿ ಮೇಜಿನ ಮೇಲೆ ಇಡ್ರಿ.

ಜೈ ಭೀಮ್. ಜೈ ಸಾವಿತ್ರಿ.